ಐಸಿಯು ಬೆಡ್ ಎಲ್ಲಿ ಸಿಕ್ಕಿಹಾಕಿಕೊಂಡಿದೆ? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರ.

ನಾನು ಸರ್ಕಾರಿ ಆಸ್ಪತ್ರೆಯೊಂದರ ಐಸಿಯುನಲ್ಲಿ ನರ್ಸ್. ‘ಬೆಡ್ ಇಲ್ಲ’ ಅಂತ ರೋಗಿಯ ಮನೆಯವರಿಗೆ ಹೇಳುವ ಕೆಲಸ ಬಹಳ ಸಲ ನಮ್ಮ ಪಾಲಿಗೇ ಬರುತ್ತದೆ. ಈ ವಿಷಯ ಪತ್ರಿಕೆಯಲ್ಲಿ ಬಂದಾಗಲೆಲ್ಲ ಸರ್ಕಾರ ಹೇಳುವುದು ಒಂದೇ: ಇನ್ನಷ್ಟು ಬೆಡ್ ಹಾಕಿಸುತ್ತೇವೆ. ಹಾಕಿಸಿ, ಖಂಡಿತ ಬೇಕು. ಆದರೆ ಈಗಿರುವ ಬೆಡ್ ಯಾಕೆ ಹೊತ್ತಿಗೆ ಸರಿಯಾಗಿ ಖಾಲಿಯಾಗುತ್ತಿಲ್ಲ ಅಂತ ಯಾರೂ ಕೇಳುತ್ತಿಲ್ಲ. ಅದನ್ನು ಹೇಳೋಣ ಅಂತಲೇ ಬರೆಯುತ್ತಿದ್ದೇನೆ.

ಬೆಳಗ್ಗೆ ರೌಂಡ್ಸ್‌ನಲ್ಲಿ ಡಾಕ್ಟರು ಒಬ್ಬ ರೋಗಿಯ ಕೇಸ್‌ಶೀಟ್‌ನಲ್ಲಿ ‘ವಾರ್ಡ್‌ಗೆ ಶಿಫ್ಟ್ ಮಾಡಬಹುದು’ ಅಂತ ಬರೆಯುತ್ತಾರೆ. ವೆಂಟಿಲೇಟರ್ ತೆಗೆದಾಗಿದೆ, ಬಿಪಿ ಸರಿಯಿದೆ, ಗಂಜಿ ಕುಡಿಯುತ್ತಿದ್ದಾರೆ. ವಾರ್ಡ್‌ಗೆ ಫೋನ್ ಮಾಡಿದರೆ ಆಕ್ಸಿಜನ್ ಪಾಯಿಂಟ್ ಇರುವ ಬೆಡ್ ಖಾಲಿ ಇರುವುದಿಲ್ಲ. ಆ ಬೆಡ್ ಮೇಲಿದ್ದವರಿಗೆ ಡಿಸ್ಚಾರ್ಜ್ ಆಗಿದೆ, ಆದರೆ ಡಿಸ್ಚಾರ್ಜ್ ಸಮ್ಮರಿಗೂ ಆಯುಷ್ಮಾನ್ ಕಾಗದಕ್ಕೂ ಕಾಯುತ್ತಾ ಅಲ್ಲೇ ಕೂತಿದ್ದಾರೆ. ಬೆಡ್ ಸಿಕ್ಕಿತು ಅಂದರೆ ಟ್ರಾಲಿ ತಳ್ಳುವವರಿಲ್ಲ. ಅವರು ಬಂದರೆ ಸಣ್ಣ ಸಿಲಿಂಡರ್ ಸ್ಕ್ಯಾನಿಂಗ್ ರೂಮಿಗೆ ಹೋಗಿರುತ್ತದೆ. ಅಷ್ಟರಲ್ಲಿ ಸಂಜೆಯಾಗುತ್ತದೆ.

ಅದೇ ಹೊತ್ತಿಗೆ ಕೆಳಗೆ ಕ್ಯಾಶುವಾಲ್ಟಿಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಕುಡಿದ ಹುಡುಗನೊಬ್ಬ ಇರುತ್ತಾನೆ. ಗಂಟಲಿಗೆ ಟ್ಯೂಬ್ ಹಾಕಿಯಾಗಿದೆ, ವೆಂಟಿಲೇಟರ್ ಖಾಲಿ ಇಲ್ಲ. ಅವನ ಅಣ್ಣ ಪಕ್ಕದಲ್ಲಿ ನಿಂತು ಆಂಬು ಬ್ಯಾಗ್, ಅಂದರೆ ಕೈಯಿಂದ ಒತ್ತಿ ಉಸಿರು ಕೊಡುವ ಚೀಲ, ಒತ್ತುತ್ತಿರುತ್ತಾನೆ. ಐದಾರು ಸೆಕೆಂಡಿಗೊಮ್ಮೆ ಒತ್ತಬೇಕು ಅಂತ ನಾವೇ ತೋರಿಸಿಕೊಟ್ಟಿರುತ್ತೇವೆ. ಅವನ ಕೈ ಸೋತರೆ ಚಿಕ್ಕಪ್ಪ, ಚಿಕ್ಕಪ್ಪನಿಗೂ ಆಗದಿದ್ದರೆ ಊರಿಂದ ಬಂದ ಇನ್ಯಾರೋ. ಗಾಬರಿಯಾದಾಗ ಜಾಸ್ತಿ ಬೇಗ ಒತ್ತುತ್ತಾರೆ, ನಿದ್ದೆ ತೂಗಿದಾಗ ನಿಧಾನವಾಗುತ್ತದೆ. ತಮ್ಮನ ಉಸಿರಿನ ಜವಾಬ್ದಾರಿಯನ್ನು ಅಣ್ಣನ ಕೈಗೆ ಕೊಟ್ಟು ನಾವು ವಾರ್ಡ್‌ಗೆ ಇನ್ನೊಮ್ಮೆ ಫೋನ್ ಮಾಡುತ್ತೇವೆ.

ಕಾಯುವುದು ಸುಮ್ನೆ ಕಾಯುವುದಲ್ಲ ಸರ್. 2007ರಲ್ಲಿ ಅಮೆರಿಕದ 50 ಸಾವಿರಕ್ಕೂ ಹೆಚ್ಚು ಐಸಿಯು ರೋಗಿಗಳ ದಾಖಲೆ ನೋಡಿದ ಅಧ್ಯಯನವೊಂದು ಪ್ರಕಟವಾಯಿತು. ತುರ್ತು ವಿಭಾಗದಲ್ಲಿ 6 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಕಾದವರಲ್ಲಿ 17.4% ಮಂದಿ ಆಸ್ಪತ್ರೆಯಲ್ಲೇ ತೀರಿಕೊಂಡಿದ್ದರು. ಅದಕ್ಕಿಂತ ಬೇಗ ಐಸಿಯು ಸೇರಿದವರಲ್ಲಿ ಅದು 12.9%. ಅಲ್ಲಿ ಕಾಯುವವರಿಗೂ ಮಾನಿಟರ್ ಇರುತ್ತದೆ, ವೆಂಟಿಲೇಟರ್ ಇರುತ್ತದೆ. ನಮ್ಮಲ್ಲಿ ಹೇಗಿರಬಹುದು, ನೀವೇ ಯೋಚಿಸಿ.

ಕಾಯುವವರ ಒತ್ತಡ ಜಾಸ್ತಿಯಾದಾಗ ಇನ್ನೊಂದು ನಡೆಯುತ್ತದೆ. ರಾತ್ರಿ ಎರಡು ಗಂಟೆಗೆ ಹೊಸ ರೋಗಿ ಬಂದರೆ, ಇದ್ದವರಲ್ಲಿ ಸ್ವಲ್ಪ ವಾಸಿ ಅನ್ನಿಸುವವರನ್ನು ಅವಸರದಲ್ಲಿ ವಾರ್ಡ್‌ಗೆ ಕಳಿಸುತ್ತೇವೆ. ಆ ಹೊತ್ತಲ್ಲಿ ವಾರ್ಡ್‌ನಲ್ಲಿ ಇರುವುದು ಒಬ್ಬರೇ ನರ್ಸ್. ಬೆಳಗಿನ ಜಾವ ಅದೇ ರೋಗಿ ಏದುಸಿರು ಬಿಡುತ್ತಾ ವಾಪಸ್ ಬಂದದ್ದನ್ನು ನೋಡಿದ್ದೇನೆ. ಹಗಲೇ, ಡಾಕ್ಟರು ಬರೆದ ಕೂಡಲೇ ಒಬ್ಬರನ್ನು ಶಿಫ್ಟ್ ಮಾಡಿದ್ದರೆ ಈ ರಾತ್ರಿಯ ಓಡಾಟವೇ ಬೇಕಿರಲಿಲ್ಲ, ಅಲ್ವಾ? ಇಂಗ್ಲೆಂಡ್‌ನಲ್ಲಿ ಇದಕ್ಕೊಂದು ಮಾನದಂಡ ಇದೆ. ಐಸಿಯು ಬೇಕು ಅಂತ ತೀರ್ಮಾನವಾದ 4 ಗಂಟೆಯೊಳಗೆ ಒಳಗೆ ಸೇರಿಸಬೇಕು, ಹೊರಗೆ ಕಳಿಸಬಹುದು ಅಂದ 4 ಗಂಟೆಯೊಳಗೆ ಕಳಿಸಬೇಕು, ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ವಾರ್ಡ್‌ಗೆ ಕಳಿಸಬಾರದು. ಅಲ್ಲೂ ಎಲ್ಲ ಸಲ ಪಾಲಿಸಲು ಆಗುವುದಿಲ್ಲ. ಆದರೆ ಎಷ್ಟು ತಡವಾಯಿತು ಅಂತ ಲೆಕ್ಕ ಇಡುತ್ತಾರೆ.

ಇನ್ನು ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರ ಕಥೆ. ಉಸಿರಾಟಕ್ಕೆಂದು ಕುತ್ತಿಗೆಯಲ್ಲಿ ತೂತು ಮಾಡಿ ಹಾಕಿದ ಟ್ರೇಕಿಯಾಸ್ಟಮಿ ಟ್ಯೂಬ್ ಇರುತ್ತದೆ. ಉಸಿರು ಅವರೇ ಆಡುತ್ತಾರೆ. ಅವರಿಗೆ ಬೇಕಿರುವುದು ಆಗಾಗ ಕಫ ಎಳೆಯುವುದು, ಮಗ್ಗುಲು ಬದಲಿಸುವುದು, ಮೂಗಿನ ಟ್ಯೂಬ್‌ನಲ್ಲಿ ಆಹಾರ ಕೊಡುವುದು. ಇದಕ್ಕೆ ಐಸಿಯು ಬೇಡ. ಆದರೆ ಟ್ಯೂಬ್ ಕಟ್ಟಿಕೊಂಡರೆ ಕೆಲವೇ ನಿಮಿಷದಲ್ಲಿ ಜೀವ ಹೋಗುತ್ತದೆ. ಮೂವತ್ತು ರೋಗಿಗಳನ್ನು ನೋಡುವ ವಾರ್ಡ್ ಸಿಸ್ಟರ್ ‘ನನ್ನ ಕೈಲಿ ಆಗಲ್ಲ’ ಅಂದರೆ ತಪ್ಪು ಅನ್ನಲಾರೆ. ಊರಿನ ಆಸ್ಪತ್ರೆಗೆ ಫೋನ್ ಮಾಡಿದರೆ ‘ನಮ್ಮಲ್ಲಿ ನೋಡಿಕೊಳ್ಳುವವರಿಲ್ಲ’ ಅನ್ನುತ್ತಾರೆ. ಹಾಗಾಗಿ ಅವರು ವಾರಗಟ್ಟಲೆ ಐಸಿಯುನಲ್ಲೇ ಉಳಿಯುತ್ತಾರೆ. ಇದ್ದಷ್ಟು ದಿನವೂ ಐಸಿಯು ಸೋಂಕಿನ ಭಯ ಬೇರೆ. ಐಸಿಯುಗೂ ವಾರ್ಡ್‌ಗೂ ನಡುವೆ ಎಚ್‌ಡಿಯು (ವಾರ್ಡ್‌ಗಿಂತ ಹೆಚ್ಚು ನಿಗಾ ಇಡುವ ಘಟಕ) ಇರಬೇಕು ಅನ್ನುವುದು ಇದಕ್ಕೇ. ಹತ್ತು ಬೆಡ್, ಕಫ ಎಳೆಯುವ ಸಕ್ಷನ್, ಮಾನಿಟರ್, ನಾಲ್ಕು ರೋಗಿಗೆ ಒಬ್ಬ ನರ್ಸ್, ಅಷ್ಟಿದ್ದರೂ ಎಷ್ಟೋ ಐಸಿಯು ಬೆಡ್ ಖಾಲಿಯಾಗುತ್ತದೆ. ಕೇಂದ್ರದ ಯೋಜನೆಯಲ್ಲಿ ಜಿಲ್ಲೆಗಳಿಗೆ ಕ್ರಿಟಿಕಲ್ ಕೇರ್ ಬ್ಲಾಕ್‌ಗಳು ಬರುತ್ತಿವೆ, ಅದರಲ್ಲಿ ಎಚ್‌ಡಿಯು ಕೂಡ ಸೇರಿದೆ. ದಯವಿಟ್ಟು ರಿಬ್ಬನ್ ಕತ್ತರಿಸುವ ಮೊದಲು ನರ್ಸ್ ಹುದ್ದೆ ತುಂಬಿಸಿ. ಗುತ್ತಿಗೆಯ ಮೇಲೆ ಆರು ತಿಂಗಳಿಗೊಬ್ಬರು ಬದಲಾದರೆ ಈ ಕೆಲಸ ಯಾರಿಗೂ ಕೈಗೆ ಹತ್ತುವುದಿಲ್ಲ.

ಇನ್ನೊಂದು ತೊಡಕು ನಿಮ್ಮ ಮಟ್ಟದಲ್ಲೇ ಬಿಡಿಸಬೇಕಾದದ್ದು. ತಾಲೂಕು ಆಸ್ಪತ್ರೆಗಳು ನಿಮ್ಮ ಇಲಾಖೆಯವು. ವಿಕ್ಟೋರಿಯಾ, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ಕಿಮ್ಸ್ ವೈದ್ಯಕೀಯ ಶಿಕ್ಷಣ ಇಲಾಖೆಗೆ ಸೇರಿದವು. ನಿಮ್ಹಾನ್ಸ್ ಕೇಂದ್ರದ್ದು. ರೋಗಿಗೆ ಇದೆಲ್ಲ ಏನು ಗೊತ್ತು? ಎಷ್ಟೋ ಸಲ ಆಂಬುಲೆನ್ಸ್ ನಮ್ಮ ಬಾಗಿಲಿಗೆ ಬಂದು ನಿಂತ ಮೇಲೆಯೇ ಜಾಗ ಇಲ್ಲ ಅಂತ ಅವರಿಗೆ ತಿಳಿಯುವುದು. ಅಲ್ಲಿಂದ ಮುಂದಿನ ಆಸ್ಪತ್ರೆ, ಅಲ್ಲಿಂದ ಇನ್ನೊಂದು.

1992ರಲ್ಲಿ ಪಶ್ಚಿಮ ಬಂಗಾಳದ ಹಕೀಂ ಶೇಖ್ ಎಂಬುವರು ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಕೃಷಿ ಕಾರ್ಮಿಕರ ಸಂಘಟನೆಯ ಸದಸ್ಯರು ಅವರು. ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ವಾಪಸ್ ಕಳಿಸಿದವು. ಕೊನೆಗೆ ಖಾಸಗಿ ಆಸ್ಪತ್ರೆ ಸೇರಿ ಸುಮಾರು 17 ಸಾವಿರ ರೂಪಾಯಿ ಖರ್ಚು ಮಾಡಿಕೊಂಡರು. 1996ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ 25 ಸಾವಿರ ಪರಿಹಾರ ಕೊಡಿಸಿತು. ಅದೇ ತೀರ್ಪಿನಲ್ಲಿ, ಯಾವ ಆಸ್ಪತ್ರೆಯಲ್ಲಿ ಬೆಡ್ ಇದೆಯೋ ಅಲ್ಲಿಗೆ ರೋಗಿಯನ್ನು ಕೂಡಲೇ ಕಳಿಸಲು ಒಂದೇ ಕಡೆಯಿಂದ ನಡೆಯುವ ಸಂಪರ್ಕ ವ್ಯವಸ್ಥೆ ಬೇಕು ಅಂತಲೂ ಹೇಳಿತು. ಆಗ ನಮ್ಮ ಹತ್ತಿರ ಮೊಬೈಲ್ ಕೂಡ ಇರಲಿಲ್ಲ.

ಈಗ ಎಲ್ಲ ಇದೆ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಬಿಬಿಎಂಪಿ ಬೆಡ್ ಲೆಕ್ಕವನ್ನು ಆನ್‌ಲೈನ್‌ನಲ್ಲಿ ಹಾಕಿತ್ತು. ಯಾರದೋ ಹೆಸರಲ್ಲಿ ಬೆಡ್ ಹಿಡಿದಿಟ್ಟ ಬೆಡ್ ಬ್ಲಾಕಿಂಗ್ ಹಗರಣವೂ ಆಯಿತು, ಹೌದು. ಅದಕ್ಕೇ ಲೆಕ್ಕ ಇನ್ನಷ್ಟು ಬಿಗಿಯಾಗಿರಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ಜಯದೇವದಂಥ ಹೃದ್ರೋಗ ಆಸ್ಪತ್ರೆಯ ತಜ್ಞರು ನೋಡುತ್ತಾರೆ. ಎದೆನೋವಿಗೆ ಆಸ್ಪತ್ರೆಗಳು ಹೀಗೆ ಮಾತಾಡಿಕೊಳ್ಳಬಹುದಾದರೆ ಐಸಿಯು ಬೆಡ್‌ಗೂ ಮಾತಾಡಿಕೊಳ್ಳಬಹುದು. ಯಾರನ್ನು ಐಸಿಯುಗೆ ಸೇರಿಸಬೇಕು, ಯಾವಾಗ ಹೊರಗೆ ಕಳಿಸಬೇಕು, ಬೆಡ್‌ಗೆ ಕಾಯುವವರಿಗೆ ಏನೇನು ನೋಡಿಕೊಳ್ಳಬೇಕು ಅಂತ ಕೇಂದ್ರ ಆರೋಗ್ಯ ಸಚಿವಾಲಯ 2023ರ ಕೊನೆಯಲ್ಲಿ ಮಾರ್ಗಸೂಚಿಯನ್ನೂ ಕೊಟ್ಟಿದೆ. ಅದು ನಮ್ಮ ಡ್ಯೂಟಿ ರೂಮಿನ ಗೋಡೆಯ ಮೇಲೆ ಕನ್ನಡದಲ್ಲಿ ಇರಬೇಕು.

ನಾನು ಕೇಳುವುದು ದೊಡ್ಡ ಖರ್ಚಿನದ್ದೇನಲ್ಲ. ಪ್ರತಿ ಐಸಿಯುನಲ್ಲಿ ಎರಡು ಸಮಯ ಬರೆಸಿ. ಒಂದು, ಐಸಿಯು ಬೇಕು ಅಂತ ಡಾಕ್ಟರು ಬರೆದ ಹೊತ್ತಿನಿಂದ ರೋಗಿ ಒಳಗೆ ಬಂದ ಹೊತ್ತಿನವರೆಗೆ. ಇನ್ನೊಂದು, ವಾರ್ಡ್‌ಗೆ ಕಳಿಸಬಹುದು ಅಂತ ಬರೆದ ಹೊತ್ತಿನಿಂದ ಬೆಡ್ ಖಾಲಿಯಾದ ಹೊತ್ತಿನವರೆಗೆ. ರಾತ್ರಿ ಹಗಲು ಬೆಡ್ ವಿಷಯ ತೀರ್ಮಾನಿಸುವ ಅಧಿಕಾರ ಪ್ರತಿ ಆಸ್ಪತ್ರೆಯಲ್ಲೂ ಒಬ್ಬರಿಗೆ ಇರಲಿ, ಅವರ ಮಾತನ್ನು ಎಲ್ಲ ವಿಭಾಗದವರೂ ಕೇಳಲೇಬೇಕು. ವಾಸಿಯಾಗುತ್ತಿರುವವರನ್ನು ಅವರ ಜಿಲ್ಲೆಯ ಆಸ್ಪತ್ರೆ ವಾಪಸ್ ಸೇರಿಸಿಕೊಳ್ಳಲೇಬೇಕು ಅಂತ ಎರಡೂ ಇಲಾಖೆ ಸೇರಿ ಆದೇಶ ಮಾಡಿ, ಅದಕ್ಕೆ ಬೇಕಾದ ಸಿಬ್ಬಂದಿಯನ್ನೂ ಜೊತೆಗೇ ಕೊಡಿ. ಒಂದು ಜಿಲ್ಲೆಯಿಂದ ಶುರು ಮಾಡಿದರೂ ಸಾಕು.

ಮೊದಲ ತಿಂಗಳ ಅಂಕಿ ನೋಡಲು ಚೆನ್ನಾಗಿರುವುದಿಲ್ಲ. ಅದನ್ನು ಹಾಗೆಯೇ ಜನರ ಮುಂದಿಡಿ. ಅದಕ್ಕಾಗಿ ನಮ್ಮಂಥ ಸಿಬ್ಬಂದಿಗೆ ನೋಟಿಸ್ ಕೊಡುವುದಿಲ್ಲ ಅಂತ ಮೊದಲೇ ಬರವಣಿಗೆಯಲ್ಲಿ ತಿಳಿಸಿ. ಆಗ ನಾವು ಸರಿಯಾದ ಸಮಯವನ್ನೇ ಬರೆಯುತ್ತೇವೆ.

ಇಂತಿ,
ಐಸಿಯು ನರ್ಸ್ ಒಬ್ಬರು