ಮಗಳಿಗೊಂದು ಪತ್ರ: ಸೆಲ್ ಮುಗಿದಾಗ ಎಲೆಕ್ಟ್ರಾನುಗಳು ಎಲ್ಲಿಗೆ ಹೋಗುತ್ತವೆ?

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಟಾರ್ಚಿನ ಸೆಲ್ ಮುಗಿದುಹೋದಾಗ ಅದರೊಳಗಿದ್ದ ಎಲೆಕ್ಟ್ರಾನುಗಳೆಲ್ಲ ಬಲ್ಬಿನಲ್ಲಿ ಉರಿದುಹೋಗಿರುತ್ತವೆಯೇ ಎಂದು ನೀನು ಕೇಳಿದ್ದೀಯೆ. ಒಳ್ಳೆಯ ಪ್ರಶ್ನೆ. ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ವಿದ್ಯುದಾವೇಶ, ವಿದ್ಯುತ್ ಪ್ರವಾಹ, ವಿಭವಾಂತರ ಎಂಬ ಮೂರರ ನಡುವಿನ ಗೊಂದಲ ತಾನಾಗಿಯೇ ಕಳೆಯುತ್ತದೆ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮೊದಲು ನೇರ ಉತ್ತರ: ಒಂದು ಎಲೆಕ್ಟ್ರಾನ್ ಕೂಡ ಉರಿದುಹೋಗಿಲ್ಲ. ಸೆಲ್ಲಿನ ಋಣ ತುದಿಯಿಂದ ಎಷ್ಟು ಎಲೆಕ್ಟ್ರಾನುಗಳು ಹೊರಟವೋ ಅಷ್ಟೇ ಎಲೆಕ್ಟ್ರಾನುಗಳು ಧನ ತುದಿಯ ಮೂಲಕ ಒಳಗೆ ಬಂದಿವೆ. ಸಾಮಾನ್ಯ ಟಾರ್ಚಿನ ಸೆಲ್ಲಿನಲ್ಲಿ ಹೊರಗಿನ ಡಬ್ಬಿಯೇ ಸತುವಿನದು. ನಡುವೆ ಇಂಗಾಲದ ಕಡ್ಡಿ, ಅದರ ಸುತ್ತ ಮ್ಯಾಂಗನೀಸ್ ಡೈಆಕ್ಸೈಡಿನ ಕಪ್ಪು ಪುಡಿ. ಸತುವು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ, ಆ ಕಪ್ಪು ಪುಡಿ ಅವನ್ನು ತೆಗೆದುಕೊಳ್ಳುತ್ತದೆ. ಈ ರಾಸಾಯನಿಕ ಕ್ರಿಯೆ ನಡೆಯಲು ಬೇಕಾದ ವಸ್ತುಗಳು ಬದಲಾಗಿ ತೀರಿದಾಗ ಸೆಲ್ ಮುಗಿಯಿತು ಎನ್ನುತ್ತೇವೆ. ತೀರಿದ್ದು ಎಲೆಕ್ಟ್ರಾನುಗಳಲ್ಲ, ಅವುಗಳನ್ನು ದೂಡುತ್ತಿದ್ದ ರಾಸಾಯನಿಕ ಶಕ್ತಿ.

ಈಗ ಆವೇಶದ ವಿಷಯ. ದ್ರವ್ಯರಾಶಿಯಂತೆ ಆವೇಶವೂ ಕಣದ ಮೂಲ ಗುಣ. ಎಲೆಕ್ಟ್ರಾನಿನ ಮೇಲೆ ಯಾರೋ ಅಂಟಿಸಿದ ವಸ್ತುವಲ್ಲ. ಅದರಲ್ಲಿ ಎರಡು ಬಗೆಯಿದೆ. ಅವಕ್ಕೆ ಧನ, ಋಣ ಎಂಬ ಗುರುತು ಕೊಟ್ಟವನು ಬೆಂಜಮಿನ್ ಫ್ರಾಂಕ್ಲಿನ್, 1740ರ ದಶಕದ ಕೊನೆಯಲ್ಲಿ. ಆಗ ಎಲೆಕ್ಟ್ರಾನ್ ಎಂಬುದೊಂದಿದೆ ಎಂದು ಯಾರಿಗೂ ತಿಳಿದಿರಲಿಲ್ಲ. ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಜೆ. ಜೆ. ಥಾಮ್ಸನ್ ಕ್ಯಾಥೋಡ್ ಕಿರಣಗಳನ್ನು (ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ಋಣ ತುದಿಯಿಂದ ಹೊರಡುವ ಕಿರಣಗಳನ್ನು) ಪರೀಕ್ಷಿಸಿ ಅವು ಋಣ ಆವೇಶದ ಅತಿ ಹಗುರ ಕಣಗಳೆಂದು ತೋರಿಸಿದ್ದು 1897ರಲ್ಲಿ. ಅಷ್ಟರೊಳಗೆ ಪ್ರವಾಹ ಧನದಿಂದ ಋಣದ ಕಡೆಗೆ ಹರಿಯುತ್ತದೆಂಬ ರೂಢಿ ಗಟ್ಟಿಯಾಗಿತ್ತು. ನಿನ್ನ ಪುಸ್ತಕದ ಚಿತ್ರದಲ್ಲಿ ಬಾಣದ ಗುರುತು ಒಂದು ದಿಕ್ಕಿಗೂ ಎಲೆಕ್ಟ್ರಾನುಗಳು ಅದಕ್ಕೆ ಎದುರು ದಿಕ್ಕಿಗೂ ಇರುವುದಕ್ಕೆ ಕಾರಣ ಇಷ್ಟೇ. ಅದರಲ್ಲಿ ಬೇರೇನೂ ಗೂಢಾರ್ಥವಿಲ್ಲ.

ಒಂದು ಎಲೆಕ್ಟ್ರಾನಿನ ಆವೇಶ ಎಷ್ಟು ಅಲ್ಪವೆಂದರೆ, ಆವೇಶವನ್ನು ಅಳೆಯುವ ಮಾನವಾದ ಕೂಲಮ್ ಒಂದು ಆಗಬೇಕಾದರೆ 624ರ ಮುಂದೆ 16 ಸೊನ್ನೆಗಳನ್ನು ಬರೆದಷ್ಟು ಎಲೆಕ್ಟ್ರಾನುಗಳು ಬೇಕು. ಒಂದು ಆಂಪಿಯರ್ ಪ್ರವಾಹವೆಂದರೆ ಪ್ರತಿ ಸೆಕೆಂಡಿಗೆ ಅಷ್ಟು ಎಲೆಕ್ಟ್ರಾನುಗಳು ತಂತಿಯ ಒಂದು ಅಡ್ಡಕೊಯ್ತವನ್ನು ದಾಟಿಹೋಗುವುದು. ಹಾಗೆಂದು ತಂತಿ ಋಣ ಆವೇಶದಿಂದ ತುಂಬಿಕೊಂಡಿದೆ ಎಂದು ಭಾವಿಸಬೇಡ. ತಾಮ್ರದ ಪರಮಾಣುಗಳ ಬೀಜಕೇಂದ್ರಗಳಲ್ಲಿ ಅಷ್ಟೇ ಧನ ಆವೇಶವಿದ್ದು ಲೆಕ್ಕ ಸರಿಹೋಗುತ್ತದೆ. ಪ್ರತಿ ಪರಮಾಣುವಿನಿಂದ ಸರಿಸುಮಾರು ಒಂದು ಎಲೆಕ್ಟ್ರಾನ್ ಮಾತ್ರ ಬಿಡುವಾಗಿ ಓಡಾಡಿಕೊಂಡಿರುತ್ತದೆ.

ವಿಭವಾಂತರವೇ, ಅಂದರೆ ವೋಲ್ಟೇಜೇ, ನಿಜವಾಗಿ ಕಷ್ಟದ ಭಾಗ. ಅದನ್ನು ಒಂದು ಸೂತ್ರವಾಗಿ ಬರೆಸಿ ಮುಂದಕ್ಕೆ ಹೋಗುವುದು ನನಗೆ ಸರಿಯೆನಿಸುವುದಿಲ್ಲ. ಶಿವನಸಮುದ್ರದಲ್ಲಿ ಕಾವೇರಿಯ ನೀರು ಎತ್ತರದಿಂದ ಇಳಿದು, ಟರ್ಬೈನನ್ನು ತಿರುಗಿಸಿ, ಮತ್ತೆ ನದಿಯನ್ನೇ ಸೇರುತ್ತದೆ. ಅಲ್ಲಿ ನೀರು ಖರ್ಚಾಗುವುದಿಲ್ಲ, ಅದರ ಎತ್ತರ ಖರ್ಚಾಗುತ್ತದೆ. ಎತ್ತರವೆಂಬುದು ಯಾವಾಗಲೂ ಎರಡು ಸ್ಥಳಗಳ ನಡುವಿನ ಮಾತು. ವೋಲ್ಟೇಜ್ ಕೂಡ ಹಾಗೆಯೇ: ಅದು ಎಲೆಕ್ಟ್ರಾನಿನ ಒಳಗೂ ಇಲ್ಲ, ತಂತಿಯ ಒಂದು ಬಿಂದುವಿನಲ್ಲೂ ಇಲ್ಲ, ಎರಡು ಬಿಂದುಗಳ ನಡುವೆ ಮಾತ್ರ ಇದೆ. ಒಂದು ಕೂಲಮ್ ಆವೇಶ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಸಾಗುವಾಗ ಒಂದು ಜೂಲ್ ಶಕ್ತಿ ಬಿಡುಗಡೆಯಾದರೆ ಆ ಎರಡರ ನಡುವಿನ ವಿಭವಾಂತರ ಒಂದು ವೋಲ್ಟ್. ನಿನ್ನ ಸೆಲ್ಲಿನ ಮೇಲೆ ಅಚ್ಚಾಗಿರುವ 1.5 ವೋಲ್ಟ್ ಎಂಬುದು, ಪ್ರತಿ ಕೂಲಮ್ಮಿಗೆ 1.5 ಜೂಲ್ ಕೊಡಬಲ್ಲೆ ಎಂಬ ಮಾತು.

ವಿದ್ಯುತ್ ತಂತಿಯ ಮೇಲೆ ಕುಳಿತ ಕಾಗೆಗೆ ಏನೂ ಆಗದಿರುವುದು ಇದರಿಂದಲೇ. ಅದರ ಎರಡು ಕಾಲುಗಳೂ ಒಂದೇ ತಂತಿಯ ಮೇಲಿರುವುದರಿಂದ ಅವುಗಳ ನಡುವೆ ವಿಭವಾಂತರ ಇಲ್ಲವೆನ್ನುವಷ್ಟು ಕಡಿಮೆ. ಒಣಗಿದ ಕೂದಲನ್ನು ಪ್ಲಾಸ್ಟಿಕ್ ಬಾಚಣಿಗೆಯಿಂದ ಬಾಚಿದಾಗ ಸಾವಿರಾರು ವೋಲ್ಟ್ ಉಂಟಾಗುತ್ತದೆ, ಆದರೂ ಚಟಪಟ ಸದ್ದಿಗಿಂತ ಹೆಚ್ಚೇನೂ ಆಗುವುದಿಲ್ಲ. ಏಕೆಂದರೆ ಅಲ್ಲಿ ಸೇರಿರುವ ಆವೇಶ ಅತ್ಯಲ್ಪ, ಅದು ಕ್ಷಣದಲ್ಲಿ ತೀರಿಹೋಗುತ್ತದೆ. ಇದನ್ನು ಓದಿ 230 ವೋಲ್ಟಿನ ಪ್ಲಗ್ಗನ್ನು ಹಗುರವಾಗಿ ಕಾಣಬೇಡಮ್ಮ. ಅದರ ಹಿಂದೆ ಇಡೀ ವಿದ್ಯುತ್ ಜಾಲವಿದೆ. ಮೈಯೊಳಗೆ ಪ್ರವಾಹವನ್ನು ನಿಲ್ಲಿಸದೆ ಹರಿಸುತ್ತಲೇ ಇರುತ್ತದೆ, ಪ್ರಾಣವನ್ನೇ ತೆಗೆಯುತ್ತದೆ.

ಎಲೆಕ್ಟ್ರಾನುಗಳು ಬೆಳಕಿನ ವೇಗದಲ್ಲಿ ಓಡುತ್ತವೆ ಎಂದು ನಿನ್ನ ಗೆಳತಿ ಹೇಳಿದಳೆಂದು ಬರೆದಿದ್ದೀಯೆ. ಹಾಗಲ್ಲ. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ ಒಂದು ಆಂಪಿಯರ್ ನೇರ ಪ್ರವಾಹ ಹರಿಯುತ್ತಿದ್ದರೆ, ಎಲೆಕ್ಟ್ರಾನುಗಳು ಸರಾಸರಿ ಒಂದು ಗಂಟೆಗೆ ಸುಮಾರು 26 ಸೆಂಟಿಮೀಟರ್ ಮಾತ್ರ ಮುಂದೆ ಸರಿಯುತ್ತವೆ. ಸ್ವಿಚ್ ಹಾಕಿದ ಕೂಡಲೇ ದೀಪ ಹೊತ್ತುವುದು, ತಂತಿಯುದ್ದಕ್ಕೂ ಎಲೆಕ್ಟ್ರಾನುಗಳು ಮೊದಲೇ ಇರುವುದರಿಂದ ಮತ್ತು ಅವನ್ನು ದೂಡುವ ವಿದ್ಯುತ್ ಕ್ಷೇತ್ರ ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ ಹರಡುವುದರಿಂದ. ಮನೆಯ ವಿದ್ಯುತ್ತು ಪರ್ಯಾಯ ಪ್ರವಾಹವಾದ್ದರಿಂದ ಇನ್ನೂ ವಿಚಿತ್ರ: ಅಷ್ಟೇ ಪ್ರವಾಹ ಅದೇ ತಂತಿಯಲ್ಲಿದ್ದರೆ ಎಲೆಕ್ಟ್ರಾನುಗಳು ಸೆಕೆಂಡಿಗೆ 50 ಸಲ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತವೆ, ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟೂ ಸರಿಯುವುದಿಲ್ಲ.

ಹೀಗಾಗಿ, 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಸಾಗಿಸಿದಾಗ ಎಲೆಕ್ಟ್ರಾನುಗಳೇನೂ ಅಷ್ಟು ದೂರ ಪ್ರಯಾಣ ಮಾಡಲಿಲ್ಲ, ತಲುಪಿದ್ದು ಶಕ್ತಿ. ಅದಕ್ಕಾಗಿ ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಬೇಕಾಗಿತ್ತು. ಒಂದೇ ಪ್ರಮಾಣದ ಶಕ್ತಿಯನ್ನು ಕಳಿಸುವಾಗ ವೋಲ್ಟೇಜ್ ಹತ್ತು ಪಟ್ಟಾದರೆ ಪ್ರವಾಹ ಹತ್ತರಲ್ಲಿ ಒಂದು ಭಾಗ ಸಾಕು. ತಂತಿ ಬಿಸಿಯಾಗಿ ಆಗುವ ನಷ್ಟ ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ ಅದು ನೂರರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಹೊಲಗಳ ನಡುವೆ ನಿಂತಿರುವ ಎತ್ತರದ ಟವರುಗಳ ಹಿಂದಿರುವುದು ಈ ಲೆಕ್ಕವೇ.

ನಿನ್ನ ಶಾಲೆಯ ಪ್ರಯೋಗಾಲಯದಲ್ಲಿ ಮಲ್ಟಿಮೀಟರ್ ಇದ್ದರೆ, ಮೇಷ್ಟ್ರ ಅನುಮತಿ ಪಡೆದು, ಬಲ್ಬು ಹೊತ್ತಿಸಲಾರದ ಆ ಹಳೆಯ ಸೆಲ್ಲಿನ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಮೊದಲು ಬಲ್ಬಿಲ್ಲದೆ ಅಳೆದು ನೋಡು. ಒಂದು ವೋಲ್ಟಿಗಿಂತ ಹೆಚ್ಚೇ ತೋರಿಸಿದರೂ ಆಶ್ಚರ್ಯಪಡಬೇಡ. ಆಮೇಲೆ ಬಲ್ಬನ್ನು ಜೋಡಿಸಿ, ಅದು ಜೋಡಿಸಿರುವಾಗಲೇ ಮತ್ತೆ ಅಳೆ. ಸಂಖ್ಯೆ ಕುಸಿಯುತ್ತದೆ, ಏಕೆಂದರೆ ಹಳೆಯ ಸೆಲ್ಲಿನ ಒಳಗಿನ ರೋಧ, ಅಂದರೆ ಪ್ರವಾಹಕ್ಕೆ ಒಡ್ಡುವ ತಡೆ, ಹೆಚ್ಚಾಗಿ, ಇರುವಷ್ಟು ವೋಲ್ಟೇಜಿನ ಬಹುಭಾಗ ಅಲ್ಲಿಯೇ ಕಳೆದುಹೋಗುತ್ತದೆ. ಹೊಸ ಸೆಲ್ಲಿನಲ್ಲೂ ಹಾಗೆಯೇ ಅಳೆದು, ನಾಲ್ಕು ಸಂಖ್ಯೆಗಳನ್ನೂ ಮುಂದಿನ ಪತ್ರದಲ್ಲಿ ಬರೆ. ಒಳಗಿನ ರೋಧವನ್ನು ಲೆಕ್ಕ ಹಾಕುವುದು ಹೇಗೆಂದು ಆಗ ತಿಳಿಸುತ್ತೇನೆ.

ಇಂತಿ ನಿನ್ನ ಪ್ರೀತಿಯ
ಅಮ್ಮ