ಬ್ಯಾಕಪ್ ಆಗದ ಆರ್ಕೈವ್ ಲಾಗ್ ಅಳಿಸಿದ್ದರ ಬಗ್ಗೆ ದೂರು

ಇವರಿಗೆ,
ಸರ್ವಿಸ್ ಮ್ಯಾನೇಜರ್,
ಡೇಟಾಬೇಸ್ ನಿರ್ವಹಣೆ ವಿಭಾಗ, ಮೈಸೂರು

ಮಾನ್ಯರೇ,

ಮಂಡ್ಯ ಎಪಿಎಂಸಿಯಲ್ಲಿ ನಮ್ಮದು ಬೆಲ್ಲದ ಮಂಡಿ. ತೂಕ, ಪಟ್ಟಿ, ಆಲೆಮನೆಯವರಿಗೆ ಕೊಟ್ಟ ಮುಂಗಡ ಎಲ್ಲವೂ ಒರಾಕಲ್ ಡೇಟಾಬೇಸ್‌ನಲ್ಲಿದೆ. ಅದನ್ನು ನೋಡಿಕೊಳ್ಳಲು ನಿಮ್ಮ ಜೊತೆ ವರ್ಷದ ಕರಾರಿದೆ.

ಕಳೆದ ಬುಧವಾರ ಬಿಲ್ಲಿಂಗ್ ನಿಂತುಹೋಯಿತು. ಸ್ಕ್ರೀನ್ ಮೇಲೆ ಒಆರ್‌ಎ-00257 ಅನ್ನುವ ಎರರ್. ಆರ್ಕೈವ್ ಲಾಗ್, ಅಂದರೆ ಡೇಟಾಬೇಸ್‌ನಲ್ಲಾದ ಬದಲಾವಣೆಗಳ ದಾಖಲೆ, ಬರೆಯಲು ಅದಕ್ಕೆಂದು ಮೀಸಲಿಟ್ಟ ರಿಕವರಿ ಏರಿಯಾದಲ್ಲಿ ಜಾಗ ಉಳಿದಿರಲಿಲ್ಲ. ರಾತ್ರಿ ಒರಾಕಲ್‌ನ ಬ್ಯಾಕಪ್ ಸಾಧನ ಆರ್‌ಮ್ಯಾನ್ ಈ ಲಾಗ್‌ಗಳ ಬ್ಯಾಕಪ್ ತೆಗೆದು, ತೆಗೆದಷ್ಟನ್ನು ಮಾತ್ರ ಅಳಿಸಬೇಕಿತ್ತು. ಭಾನುವಾರದ ಪೂರ್ತಿ ಬ್ಯಾಕಪ್ ಆದ ಮೇಲೆ ಆ ಕೆಲಸ ನಡೆದೇ ಇಲ್ಲ. ನಿಮ್ಮಲ್ಲಿ ಯಾರೂ ಗಮನಿಸಲೂ ಇಲ್ಲ.

ನಿಮ್ಮ ಇಂಜಿನಿಯರ್ ರಿಮೋಟ್‌ನಲ್ಲಿ ಬಂದು ಲಾಗ್ ಫೈಲ್‌ಗಳನ್ನು ನೇರವಾಗಿ ಫೋಲ್ಡರ್‌ನಿಂದಲೇ ಅಳಿಸಿದರು. ಬ್ಯಾಕಪ್ ಆಗಿದೆಯಾ ಅಂತ ನೋಡಲಿಲ್ಲ. ಹೀಗೆ ಕೈಯಾರೆ ಅಳಿಸಿದರೆ, ಡೇಟಾಬೇಸ್ ತನ್ನ ಫೈಲ್‌ಗಳ ಲೆಕ್ಕ ಇಡುವ ಕಂಟ್ರೋಲ್ ಫೈಲ್‌ನಲ್ಲಿ ಅವು ಹಾಗೇ ಇರುತ್ತವೆ. ಡಿಸ್ಕ್ ಖಾಲಿಯಾದರೂ ಎರರ್ ಹೋಗಲಿಲ್ಲ. ಲೆಕ್ಕದಲ್ಲಿರುವ ಫೈಲ್‌ಗಳು ಡಿಸ್ಕ್‌ನಲ್ಲಿ ಇವೆಯಾ ಅಂತ ಕ್ರಾಸ್‌ಚೆಕ್ ಮಾಡಿ, ಎಕ್ಸ್‌ಪೈರ್ಡ್ (ಈಗ ಇಲ್ಲದವು) ಅಂತ ಬಂದವನ್ನು ಆ ಲೆಕ್ಕದಿಂದ ತೆಗೆಯಬೇಕು ಅಂತ ಹುಡುಕಿ ಹೇಳಿದ್ದು ನಮ್ಮ ಲೆಕ್ಕ ಬರೆಯೋ ಹುಡುಗ!

ಹೋಗಲಿ, ಅಳಿಸಿದ ಕೂಡಲೇ ಹೊಸದಾಗಿ ಪೂರ್ತಿ ಬ್ಯಾಕಪ್ ತೆಗೆದಿದ್ದರೂ ನಾವು ಬಚಾವ್ ಆಗುತ್ತಿದ್ದೆವು. ಅದೂ ಆಗಲಿಲ್ಲ. ಶನಿವಾರ ಡೇಟಾ ಇದ್ದ ಡಿಸ್ಕ್ ಕೈಕೊಟ್ಟಿತು. ಭಾನುವಾರದ ಬ್ಯಾಕಪ್ ಮತ್ತು ಅದರ ಜೊತೆಗಿದ್ದ ಲಾಗ್‌ವರೆಗೆ ರಿಕವರಿ ನಡೆಯಿತು, ಅಲ್ಲಿಗೇ ನಿಂತಿತು. ಗುರುವಾರ, ಶುಕ್ರವಾರದ ಲಾಗ್‌ಗಳು ಬೇರೆ ಡಿಸ್ಕ್‌ನಲ್ಲಿ ಭದ್ರವಾಗಿವೆ. ಲಾಗ್‌ಗಳನ್ನು ಕ್ರಮಸಂಖ್ಯೆ ಪ್ರಕಾರ ಒಂದಾದ ಮೇಲೊಂದು ಹಾಕಬೇಕು; ಅಳಿಸಿದ ನಡುವಿನವು ಇಲ್ಲವಾದ್ದರಿಂದ ಒಂದನ್ನೂ ಬಳಸುವಂತಿಲ್ಲ. ಕಣ್ಣೆದುರಿಗೆ ಇದ್ದೂ ಕೆಲಸಕ್ಕೆ ಬಾರದ ಫೈಲ್‌ಗಳು ಅವು.

"ಡಿಸ್ಕ್ ಹಾಳಾದರೆ ನಾವೇನು ಮಾಡೋಣ" ಅಂತ ನಿಮ್ಮ ಕಚೇರಿಯಿಂದ ಉತ್ತರ ಬಂತು. ಡಿಸ್ಕ್ ಹಾಳಾಗುತ್ತದೆ ಅಂತಲೇ ಅಲ್ವಾ ಬ್ಯಾಕಪ್ ಇಡುವುದು? ಸುಮ್ನೆ ಶಾಸ್ತ್ರಕ್ಕೆ ಇಟ್ಟಿದ್ದರೆ ನಿಮಗೆ ದುಡ್ಡು ಕೊಡುವ ಅಗತ್ಯವೇ ಇರಲಿಲ್ಲ.

ಈಗ ತೂಕದ ಚೀಟಿ ನೋಡಿಕೊಂಡು ಆ ವಾರದ ಪಟ್ಟಿಗಳನ್ನೆಲ್ಲ ಮತ್ತೆ ಹಾಕುತ್ತಿದ್ದೇವೆ. ಕೆಲವು ಆಲೆಮನೆಯವರ ಹತ್ತಿರ ಚೀಟಿಯೇ ಇಲ್ಲ. ಅವರು ಬಾಯಲ್ಲಿ ಹೇಳಿದ ತೂಕಕ್ಕೆ ನಾವು ಒಪ್ಪಬೇಕಾಗಿದೆ.

ಈ ಎಂಟ್ರಿ ಕೆಲಸದ ಖರ್ಚನ್ನು ನೀವೇ ಕೊಡಬೇಕು. ರಾತ್ರಿ ಬ್ಯಾಕಪ್ ತಪ್ಪಿದರೆ ನಮ್ಮ ಫೋನಿಗೂ ಮೆಸೇಜ್ ಬರಬೇಕು. ಲಾಗ್ ಅಳಿಸುವುದಿದ್ದರೆ ಆರ್‌ಮ್ಯಾನ್ ಮೂಲಕವೇ, ಬ್ಯಾಕಪ್ ಆದದ್ದನ್ನು ಮಾತ್ರ ಅಳಿಸಬೇಕು. ಬ್ಯಾಕಪ್ ಆಗಿದೆ ಅನ್ನುವ ಬರೀ ಮಾತು ನಮಗೆ ಬೇಡ. ತಿಂಗಳಿಗೊಮ್ಮೆ ಬೇರೆ ಮೆಷಿನ್‌ನಲ್ಲಿ ರಿಸ್ಟೋರ್ ಮಾಡಿ ನಮ್ಮೆದುರು ತೋರಿಸಿ.

15 ದಿನದೊಳಗೆ ಬರಹದಲ್ಲಿ ಉತ್ತರ ಬಾರದಿದ್ದರೆ ಕರಾರಿನ ಮುಂದಿನ ಕಂತನ್ನು ತಡೆಹಿಡಿಯುತ್ತೇವೆ.

ಇಂತಿ,
ಪಾಲುದಾರರು,
ಬೆಲ್ಲದ ಮಂಡಿ, ಮಂಡ್ಯ