ವಿಯೆಟ್ನಾಂ ನೋಡಿ ಬಂದ ಸೋದರಳಿಯನಿಗೊಂದು ಕಾಗದ

ಸಕಲೇಶಪುರದ ಹತ್ತಿರದ ತೋಟದಿಂದ, ನವೆಂಬರ್ 2025

ಪ್ರೀತಿಯ ಪುಟ್ಟಾ,

ನೀನು ಕಳಿಸಿದ ವಾಯ್ಸ್ ಮೆಸೇಜು ಮೂರು ಸಲ ಕೇಳಿದೆ. ಹನ್ನೊಂದು ನಿಮಿಷ ಇದೆ. ನಿಮ್ಮಪ್ಪ ಒಂದು ತಿಂಗಳಿಗೂ ನನ್ನ ಹತ್ತಿರ ಅಷ್ಟು ಮಾತಾಡುತ್ತಿರಲಿಲ್ಲ. ಫೋನಲ್ಲಿ ಉತ್ತರ ಕೊಡೋಣ ಅಂದರೆ ನೀನು ಮಧ್ಯೆ "ಅತ್ತೆ, ಒಂದು ನಿಮಿಷ" ಅಂತ ಬಾಯಿ ಹಾಕುತ್ತೀಯ, ನನಗೆ ಹೇಳಬೇಕಾದ್ದು ಮರೆತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ನನಗೆ ಅರ್ಥವಾಗಿದ್ದು ಇಷ್ಟು. ಟೂರಿಗೆ ಅಂತ ವಿಯೆಟ್ನಾಂಗೆ ಹೋದವನು ಬುವಾನ್ ಮಾ ತುವಾತ್ ಕಡೆ ಕಾಫಿ ತೋಟ ನೋಡಿ ಬಂದೆ. ಅಲ್ಲಿ ನೆರಳಿನ ಮರವೇ ಕಡಿಮೆ, ಬಯಲಲ್ಲೇ ರೋಬಸ್ಟಾ ಜಾತಿಯ ಕಾಫಿ ಗಿಡ, ಎಕರೆಗೆ ಒಂದು ಟನ್ನಿನ ಹತ್ತಿರ ಕಾಫಿ ತೆಗೆಯುತ್ತಾರೆ, ನಮ್ಮದು ಅದರ ಅರ್ಧ. ಆದ್ದರಿಂದ ಹೊಳೆ ಕಡೆಯ ಎಂಟು ಎಕರೆಯಲ್ಲಿ ನೆರಳಿನ ಸಿಲ್ವರ್ ಓಕ್ ಮರ ಕಡಿಸಿ, ಮೆಣಸಿನ ಬಳ್ಳಿ ತೆಗೆಸಿ, ಹೊಸದಾಗಿ ರೋಬಸ್ಟಾ ಹಾಕುವುದು, ಜೊತೆಗೆ ಪಕ್ಕದ ಐದು ಎಕರೆ ಕೊಳ್ಳುವುದು, ಅದಕ್ಕೆ ನಲವತ್ತು ಲಕ್ಷ ಸಾಲ, ಸಾಲದಿದ್ದರೆ ನಿನ್ನ ಇಬ್ಬರು ಸ್ನೇಹಿತರು ದುಡ್ಡು ಹಾಕುತ್ತಾರೆ, ನೀನು ಕೆಲಸ ಬಿಟ್ಟು ಏಪ್ರಿಲ್ಲಿಗೆ ಬರುತ್ತೀಯ. ಸರಿ ತಾನೇ?

ಬಾ. ಮನೆಗೆ ಬರಬೇಡ ಅನ್ನುವ ಅತ್ತೆ ನಾನಲ್ಲ. ಆದರೆ ಈಗ ಏರಿರುವ ಕಾಫಿ ದರ ನೋಡಿಕೊಂಡು ಸಾಲ ಮಾಡಿ ತೋಟ ದೊಡ್ಡದು ಮಾಡಬೇಡ. ಸುತ್ತಿ ಬಳಸಿ ಹೇಳುವುದು ನನಗೆ ಬರಲ್ಲ, ನಿನಗೆ ಗೊತ್ತಲ್ಲ.

ನೀನು ನೋಡಿದ್ದು ಸುಳ್ಳಲ್ಲ ಕಣೋ. ವಿಯೆಟ್ನಾಂನವರು ಮಾಡಿದ್ದು ದೊಡ್ಡ ಕೆಲಸವೇ. 1980ರ ದಶಕದಲ್ಲಿ ಅವರ ದೇಶದಲ್ಲಿ ಊಟಕ್ಕೇ ಕಷ್ಟ ಇತ್ತು, ಅಕ್ಕಿ ಹೊರಗಿನಿಂದ ತರಿಸುತ್ತಿದ್ದರು. 1986ರಲ್ಲಿ ದೊಯ್ ಮೊಯ್ ಅಂತ ಸುಧಾರಣೆ ಶುರುವಾಯಿತು. 1988ರಲ್ಲಿ ಸಹಕಾರ ಸಂಘಗಳ ಕೈಯಲ್ಲಿದ್ದ ಜಮೀನನ್ನು ಒಂದೊಂದು ಮನೆಗೆ ಹಂಚಿ, ನೀವೇ ಬೆಳೀರಿ, ನೀವೇ ಮಾರಿ ಅಂದರು. ಮಾರನೇ ವರ್ಷವೇ ಹತ್ತು ಲಕ್ಷ ಟನ್ನಿಗಿಂತ ಜಾಸ್ತಿ ಅಕ್ಕಿ ಹೊರದೇಶಕ್ಕೆ ಹೋಯಿತು. ಅದೇ ಜನ, ಅದೇ ಗದ್ದೆ! 1993ರಲ್ಲಿ ಇನ್ನೊಂದು ಕಾನೂನು ಬಂತು. ಜಮೀನು ಸರ್ಕಾರದ್ದೇ, ಆದರೆ ಕಾಫಿಯಂಥ ಬಹುಕಾಲದ ಬೆಳೆಗೆ 50 ವರ್ಷದ ಹಕ್ಕು ನಿನ್ನದು, ಅದನ್ನು ಮಾರಬಹುದು, ಮಕ್ಕಳಿಗೆ ಬಿಡಬಹುದು, ಅಡ ಇಟ್ಟು ಸಾಲ ತರಬಹುದು. ನಾಳೆ ಕಿತ್ತುಕೊಳ್ಳುತ್ತಾರೆ ಅನ್ನುವ ಜಾಗದಲ್ಲಿ ಭತ್ತ ಹಾಕಬಹುದು, ಕಾಫಿ ಯಾರು ಹಾಕುತ್ತಾರೆ ಹೇಳು? ಗಿಡ ಫಸಲಿಗೆ ಬರುವುದಕ್ಕೇ ಮೂರು ನಾಲ್ಕು ವರ್ಷ ಬೇಕು. 1994ರಲ್ಲಿ ಅಮೆರಿಕ ಹಾಕಿದ್ದ ದಿಗ್ಬಂಧನವೂ ಹೋಯಿತು. ಜಮೀನಿನ ಹಕ್ಕು, ಸಾಲ, ರಸ್ತೆ, ಹೊರಗಿನ ಮಾರುಕಟ್ಟೆ ಎಲ್ಲ ಹೆಚ್ಚುಕಮ್ಮಿ ಒಟ್ಟಿಗೇ ಸಿಕ್ಕಿತು. 1993ರಲ್ಲಿ ಆ ದೇಶದಲ್ಲಿ 100ಕ್ಕೆ 58 ಜನ ಬಡವರಿದ್ದರಂತೆ, 2002ಕ್ಕೆ 29ರ ಹತ್ತಿರಕ್ಕೆ ಇಳಿಯಿತು. ಇಷ್ಟು ಬೇಗ ಇಷ್ಟು ಜನರ ಬಡತನ ಇಳಿಸಿದ ದೇಶ ಜಾಸ್ತಿ ಇಲ್ಲ. ನಾನು ಒಪ್ಪುತ್ತೇನೆ.

ಆದರೆ ನೀನು ಹೇಳಿದ ಕಥೆಯಲ್ಲಿ ನಡುವಿನ ಒಂದು ಹಾಳೆ ಇಲ್ಲ. ಆ ಹಾಳೆ ನಮ್ಮ ಮನೆಯಲ್ಲಿದೆ.

1994ರ ಮಧ್ಯದಲ್ಲಿ ಬ್ರೆಜಿಲ್ಲಿನಲ್ಲಿ ಹಿಮ ಬಿದ್ದು ಕಾಫಿ ಗಿಡ ಸುಟ್ಟುಹೋದವು. ದರ ನೆಗೆಯಿತು. ಇಲ್ಲಿ ಅದೇ ಸಮಯಕ್ಕೆ ಕಾಫಿ ಬೋರ್ಡಿನ ಪೂಲ್ ವ್ಯವಸ್ಥೆ ಸಡಿಲವಾಗುತ್ತಾ ಬಂದಿತ್ತು, 1996ಕ್ಕೆ ಪೂರ್ತಿ ಹೋಯಿತು. ನಿನಗೆ ಪೂಲ್ ಅಂದರೆ ಗೊತ್ತಿರಲಿಕ್ಕಿಲ್ಲ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಬೆಳೆದ ಕಾಫಿಯೆಲ್ಲ ಬೋರ್ಡಿಗೇ ಒಪ್ಪಿಸಬೇಕಿತ್ತು. ಅವರು ಮಾರಿ ಕಂತು ಕಂತಾಗಿ ದುಡ್ಡು ಕೊಡುತ್ತಿದ್ದರು. ಕೊನೇ ಕಂತು ಬರುವ ಹೊತ್ತಿಗೆ ಮುಂದಿನ ಕೊಯ್ಲೇ ಬಂದಿರುತ್ತಿತ್ತು. ಅದನ್ನು ನಾವೆಲ್ಲ ಬೈದುಕೊಂಡೇ ಬದುಕಿದ್ದು. ಅಂಥದ್ದರಲ್ಲಿ ಮೊದಲನೇ ಸಲ ವ್ಯಾಪಾರಿ ಕಣಕ್ಕೇ ಬಂದು, ಒಣಗಿದ ಚೆರ್ರಿ ಮುಷ್ಟಿಯಲ್ಲಿ ಹಿಡಿದು ಕಿವಿ ಹತ್ತಿರ ಅಲುಗಾಡಿಸಿ, ಗಲಗಲ ಅನ್ನುವುದನ್ನು ಕೇಳಿ, ಚೀಲಕ್ಕೆ ಇಷ್ಟು ಅಂದ. ಜಗಲಿಯ ಮೇಲೆ ಕೂತು ನೋಟು ಎಣಿಸಿದ. ಅಣ್ಣಯ್ಯ, ಅಂದರೆ ನಿಮ್ಮಪ್ಪ, ಆ ದಿನ ಮಧ್ಯಾಹ್ನ ಊಟ ಮಾಡಲಿಲ್ಲ. ಖುಷಿಗೆ ಹಸಿವೇ ಆಗಿರಲಿಲ್ಲ ಅನ್ನಿಸುತ್ತದೆ.

ಆಮೇಲೆ ಜೀಪು ಬಂತು. 1996ರಲ್ಲಿ ಸಾಲ ಮಾಡಿ ಪಕ್ಕದ ಜಾಗ ಕೊಂಡ. ನೀನು ಈಗ ಕೊಳ್ಳಬೇಕು ಅಂತಿದ್ದೀಯಲ್ಲ ಐದು ಎಕರೆ, ಅದೇ ಜಾಗ ಪುಟ್ಟಾ. ಅದು ಒಂದು ಕಾಲಕ್ಕೆ ನಮ್ಮದೇ ಆಗಿತ್ತು. ನಿನಗೆ ಇದನ್ನು ಯಾರೂ ಹೇಳಿಲ್ಲ. ನಿಮ್ಮಮ್ಮನಿಗೆ ಹೇಳಬೇಡ ಅಂತ ಅಣ್ಣಯ್ಯನೇ ಮಾತು ತೆಗೆದುಕೊಂಡಿದ್ದ.

ಅದೇ ದರ ನೋಡಿ ಅಲ್ಲಿ ವಿಯೆಟ್ನಾಂನಲ್ಲೂ ಊರಿಗೆ ಊರೇ ಕಾಫಿ ಹಾಕಿತು. ನಮ್ಮಲ್ಲೂ ಹಾಕಿದರು. ಎಲ್ಲರೂ ಒಂದೇ ಸಲ ಹಾಕಿದರೆ ಎಲ್ಲರ ಫಸಲೂ ಒಂದೇ ಸಲ ಬರುತ್ತದೆ, ಅಲ್ವಾ? 1980ರ ದಶಕದಲ್ಲಿ ಕಾಫಿ ಲೆಕ್ಕದಲ್ಲೇ ಇಲ್ಲದ ದೇಶ 2000ದ ಹೊತ್ತಿಗೆ ಬ್ರೆಜಿಲ್ ಬಿಟ್ಟರೆ ಎರಡನೆಯದಾಗಿ ನಿಂತಿತು. ದೇಶ ದೇಶಗಳ ನಡುವೆ ಇಷ್ಟಿಷ್ಟೇ ಮಾರಬೇಕು ಅಂತ ಇದ್ದ ಕೋಟಾ ಒಪ್ಪಂದ 1989ರಲ್ಲೇ ಬಿದ್ದುಹೋಗಿದ್ದರಿಂದ ತಡೆಯುವವರೂ ಇರಲಿಲ್ಲ. 2001-02ರಲ್ಲಿ ಕಾಫಿ ದರ 30 ವರ್ಷದಲ್ಲೇ ಕಾಣದಷ್ಟು ಕೆಳಗೆ ಹೋಯಿತು. ಅಲ್ಲಿನ ರೈತರು ಖರ್ಚೂ ಹುಟ್ಟದೆ ಗಿಡ ಕಡಿದರು. ಇಲ್ಲಿ ನಾನು ಲೆಕ್ಕ ಬರೆಯುವವಳು. ಕೊಯ್ಲಿನ ಕೂಲಿ, ಗೊಬ್ಬರದ ಅಂಗಡಿ ಬಾಕಿ, ಬ್ಯಾಂಕಿನ ಬಡ್ಡಿ, ಮೂರು ಬರೆದು ಕೆಳಗೆ ಗೆರೆ ಎಳೆದರೆ ಉಳಿಯುವುದು ಏನೂ ಇಲ್ಲ. ಒಂದು ವರ್ಷ ಗೊಬ್ಬರವೇ ಹಾಕಲಿಲ್ಲ. ಮೊದಲು ಜೀಪು ಹೋಯಿತು, ಆಮೇಲೆ ನನ್ನ ನಾಲ್ಕು ಬಳೆ ಬ್ಯಾಂಕಿಗೆ ಹೋದವು, 2003ರಲ್ಲಿ ಆ ಐದು ಎಕರೆ ಕೊಂಡ ದುಡ್ಡಿಗಿಂತ ಕಡಿಮೆಗೆ ಹೋಯಿತು. ನೀನಾಗ ಒಂದನೇ ಕ್ಲಾಸು. "ಜೀಪು ಎಲ್ಲಿ" ಅಂತ ಅಳುತ್ತಿದ್ದೆ, ರಿಪೇರಿಗೆ ಹೋಗಿದೆ ಅಂತ ನಾನೇ ಸುಳ್ಳು ಹೇಳಿದ್ದು.

ಅಣ್ಣಯ್ಯ ದಡ್ಡನಲ್ಲ. ಆ ವರ್ಷ ಅವನು ಮಾಡಿದ ಲೆಕ್ಕ ಸರಿಯಾಗೇ ಇತ್ತು, ನಾನೇ ಎರಡು ಸಲ ಕೂಡಿ ನೋಡಿದ್ದೆ. ಆ ಲೆಕ್ಕದಲ್ಲಿ ದರ ಒಂದೇ ತಪ್ಪು.

ಈಗಿನ ದರ ಯಾಕೆ ಬಂತು ಅಂತ ನೋಡು. 2024ರಲ್ಲಿ ರೋಬಸ್ಟಾ ಚೆರ್ರಿ 50 ಕೆಜಿ ಚೀಲಕ್ಕೆ 10,000 ರೂಪಾಯಿ ದಾಟಿದಾಗ ಸಕಲೇಶಪುರದ ಪೇಟೆಯಲ್ಲಿ ಜನ ಜಾತ್ರೆಗೆ ಬಂದವರ ಹಾಗೆ ಓಡಾಡುತ್ತಿದ್ದರು. ಆ ದರ ತಂದಿದ್ದು ನಾವಲ್ಲ. ವಿಯೆಟ್ನಾಂನಲ್ಲಿ ಬರ ಬಂತು. ಅದಕ್ಕೆ ಮೊದಲೇ ಅಲ್ಲಿ ತುಂಬಾ ಜನ ಕಾಫಿ ಬಿಟ್ಟು ಡೂರಿಯನ್ ಹಣ್ಣಿಗೆ ಹೋಗಿದ್ದರು, ಚೀನಾದವರು ಒಳ್ಳೇ ದರ ಕೊಡುತ್ತಾರೆ ಅಂತ. ಮಾಲು ಕಡಿಮೆಯಾಗಿ ಸೆಪ್ಟೆಂಬರಿನಲ್ಲಿ ಲಂಡನ್ ಪೇಟೆಯಲ್ಲಿ ಟನ್ನಿಗೆ 5,000 ಡಾಲರ್ ದಾಟಿತು. ಅಷ್ಟೇ. ಈ ವರ್ಷ ಬ್ರೆಜಿಲ್ಲಿನ ರೋಬಸ್ಟಾ ಜೋರಾಗಿ ಬಂತು, ಫೆಬ್ರವರಿಯಿಂದ ಜುಲೈ ಒಳಗೆ ಆ ದರದಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಕರಗಿ, ಆಮೇಲೆ ಮತ್ತೆ ಸ್ವಲ್ಪ ಎದ್ದಿದೆ. ನೀನು ಬರುವ ವರ್ಷ ಗಿಡ ಹಾಕಿದರೆ ಸರಿಯಾದ ಫಸಲು ಕಾಣುವುದು 2031-32ಕ್ಕೆ. ಆಗ ನೀನು ನೋಡಿ ಬಂದ ಆ ಡಾಕ್ ಲಾಕ್ ಪ್ರಾಂತ್ಯದಲ್ಲಿ ಮಳೆ ಹೇಗಿರುತ್ತದೆ, ಚೀನಾದವರಿಗೆ ಡೂರಿಯನ್ ಬೇಸರ ಬಂದಿರುತ್ತದೋ ಏನೋ, ಇದಕ್ಕೆಲ್ಲ ನಿನ್ನ ಎಕ್ಸೆಲ್ ಶೀಟಿನಲ್ಲಿ ಕಾಲಂ ಇದೆಯಾ?

ಇನ್ನು ಬಯಲು ಕಾಫಿಯ ವಿಚಾರ. ಅವರ ಎಕರೆಗೆ ಒಂದು ಟನ್ ಸುಮ್ನೆ ಬರುವುದಿಲ್ಲ. ಗೊಬ್ಬರ ಸುರಿಯಬೇಕು, ಬೇಸಿಗೆಯಲ್ಲಿ ಗಿಡಗಿಡಕ್ಕೂ ಪೈಪು ಹಿಡಿದು ನೀರು ತುಂಬಿಸಬೇಕು. ಬಾವಿಗಳು ಕೆಳಕೆಳಗೆ ಹೋಗಿವೆ, ಕಾಡೂ ಹೋಗಿದೆ. ಆ ಬೆಟ್ಟಗಳಲ್ಲಿ ಮೊದಲಿನಿಂದ ಇದ್ದ ಎದೆ, ಜರಾಯ್ ಅನ್ನುವ ಬುಡಕಟ್ಟಿನ ಜನ ಹೊರಗಿನಿಂದ ಬಂದವರಿಗೆ ಜಮೀನು ಕಳಕೊಂಡು 2001ರಲ್ಲಿ ಬೀದಿಗೆ ಇಳಿದಿದ್ದರು. ಟೂರಿನವರು ಅದನ್ನು ತೋರಿಸಲ್ಲ ಬಿಡು. ನಮ್ಮ ಹೊಳೆ ಮಾರ್ಚಿನಲ್ಲಿ ಎಷ್ಟಿರುತ್ತದೆ ಅಂತ ನಿನಗೇ ಗೊತ್ತು. ಹೂಮಳೆ ಕೈಕೊಟ್ಟ ವರ್ಷ ಎರಡು ದಿನ ಸ್ಪ್ರಿಂಕ್ಲರ್ ಓಡಿಸಿದರೆ ಕೆಳಗಿನ ಊರಿನವರು ಬಂದು ನಿಲ್ಲುತ್ತಾರೆ, ನಿಲ್ಲುವುದು ಸರಿಯೂ ಹೌದು. ಅಲ್ಲಿಯ ತೋಟಗಳು ಎರಡು ಎರಡೂವರೆ ಎಕರೆಯವು, ಮನೆಯವರೇ ದುಡಿಯುತ್ತಾರೆ. ಇಲ್ಲಿ ಕೊಯ್ಲಿಗೆ ಅಸ್ಸಾಮಿನಿಂದ ಆಳು ಬರಬೇಕು, ಈ ಸಲ ಬರುತ್ತಾರೋ ಇಲ್ಲವೋ ಅಂತ ಡಿಸೆಂಬರ್ ಪೂರ್ತಿ ಫೋನು ಹಿಡಿದು ಕೂರಬೇಕು. ಆನೆ ವಿಷಯ ನಾನು ಬರೆಯುವುದೇ ಇಲ್ಲ. ಎಳೇ ಗಿಡದ ಎಂಟು ಎಕರೆ ಒಂದು ರಾತ್ರಿಗೆ ಸಾಕು ಅವಕ್ಕೆ. ಆನೆಗೆ ಲಂಡನ್ ದರ ಗೊತ್ತಿಲ್ಲ.

ಮೆಣಸಿನ ಬಳ್ಳಿ ತೆಗೆಸುತ್ತೇನೆ ಅಂದೆಯಲ್ಲ, ಅದು ಕೇಳಿ ಮಾತ್ರ ನನಗೆ ನಿಜವಾಗಿ ಸಿಟ್ಟು ಬಂತು. ಮೆಣಸೇ ಈ ಮನೆಯನ್ನು ಎತ್ತಿದ್ದು. ಕಾಫಿ ಬಿದ್ದ ವರ್ಷಗಳಲ್ಲಿ ನಿನ್ನ ಸ್ಕೂಲ್ ಫೀಸು, ಆಮೇಲೆ ಎಂಜಿನಿಯರಿಂಗ್ ಸೀಟು, ಎಲ್ಲ ಅದರದ್ದೇ. ಅದಕ್ಕೂ ಹೊಡೆತ ಬಿತ್ತು, ಸುಳ್ಳು ಯಾಕೆ ಹೇಳಲಿ. ವಿಯೆಟ್ನಾಂ ಮೆಣಸಿನಲ್ಲೂ ಜಗತ್ತಿಗೇ ಮೊದಲನೆಯದಾಯಿತು, ಅಲ್ಲಿಯ ಮಾಲು ಶ್ರೀಲಂಕಾದ ದಾರಿಯಲ್ಲಿ ಕಡಿಮೆ ಸುಂಕಕ್ಕೆ ಒಳಗೆ ಬಂದು ನಮ್ಮ ದರ ಎರಡು ಮೂರು ವರ್ಷದಲ್ಲಿ ಅರ್ಧಕ್ಕೆ ಇಳಿಯಿತು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕೆಜಿಗೆ 500 ರೂಪಾಯಿಗಿಂತ ಕಡಿಮೆ ಬೆಲೆಯ ಮೆಣಸು ಒಳಗೆ ಬರಬಾರದು ಅಂತ ಮಾಡಿತು, ಆಮೇಲೂ ದರ ಏಳುವುದಕ್ಕೆ ವರ್ಷಗಳೇ ಹಿಡಿದವು. ಆದರೂ ಹೇಳುತ್ತೇನೆ, ಒಂದೇ ಮರದಲ್ಲಿ ಮೇಲೆ ಮೆಣಸು, ಕೆಳಗೆ ಕಾಫಿ ಇದ್ದರೆ ಎರಡೂ ಒಟ್ಟಿಗೆ ಬೀಳುವುದು ಅಪರೂಪ. ಅದನ್ನು ಕಡಿದು ಒಂದೇ ಬೆಳೆ ಮಾಡುವುದು, ಅದೂ ಮೂರರಲ್ಲಿ ಎರಡು ಪಾಲು ಹೊರದೇಶಕ್ಕೇ ಹೋಗುವ ಬೆಳೆ. ನಮ್ಮ ದೇಶದ ಒಟ್ಟು ಕಾಫಿ ಮೂರೂವರೆ ಲಕ್ಷ ಟನ್ನಿನ ಆಸುಪಾಸು, ವಿಯೆಟ್ನಾಂನದ್ದು ಅದರ ನಾಲ್ಕೈದು ಪಟ್ಟು. ದರ ಗೊತ್ತು ಮಾಡುವವರು ನಾವಲ್ಲ.

ನೀನು ಹೇಳದೆ ಬಿಟ್ಟ ಇನ್ನೊಂದು ಇದೆ. ವಿಯೆಟ್ನಾಂಗೆ ಹೊರಗಿನ ದೊಡ್ಡ ದುಡ್ಡು ಬಂದಿದ್ದು ಬಹುಪಾಲು ತೋಟಕ್ಕಲ್ಲ, ಫ್ಯಾಕ್ಟರಿಗೆ. 2009ರಲ್ಲಿ ಸ್ಯಾಮ್‌ಸಂಗ್‌ನವರು ಬಾಕ್ ನಿನ್‌ನಲ್ಲಿ ಫೋನ್ ಮಾಡಲು ಶುರು ಮಾಡಿದರು. ಹಳ್ಳಿ ಮನೆಗಳ ಹುಡುಗ ಹುಡುಗಿಯರು ಅಂಥಾ ಕಡೆ ಸಂಬಳಕ್ಕೆ ಹೋದರು. ಮನೆಯಲ್ಲಿ ಒಬ್ಬರಿಗೆ ತಿಂಗಳ ಸಂಬಳ ಬರುತ್ತಿದ್ದರೆ ಫಸಲಿನ ದರ ಬಿದ್ದ ವರ್ಷ ಜಮೀನು ಮಾರಬೇಕಾಗಿಲ್ಲ. ಬೆಂಗಳೂರಿನ ನಿನ್ನ ಕೆಲಸವೇ ನಮ್ಮ ಮನೆಯ ಬಾಕ್ ನಿನ್. ಅದನ್ನು ಬಿಡುವುದಾದರೆ ಮೊದಲು ಎರಡು ಕೊಯ್ಲು ರಜೆ ಹಾಕಿ ಬಂದು ಕಣದಲ್ಲಿ ನಿಂತು ನೋಡು. ನಿನ್ನ ಸ್ನೇಹಿತರ ದುಡ್ಡಂತೂ ಬೇಡವೇ ಬೇಡ. ಅವರು ಮೂರನೇ ವರ್ಷಕ್ಕೆ ಲಾಭ ಕೇಳುತ್ತಾರೆ, ಗಿಡ ಆಗಿನ್ನೂ ಹೂ ಬಿಡುತ್ತಾ ಇರುತ್ತದೆ.

ಹಾಗಂತ ಕೈಕಟ್ಟಿ ಕೂರು ಅನ್ನುತ್ತಿಲ್ಲ. ಹಳೇ ಕಣ ಮಣ್ಣಿನದು, ಜನವರಿಯಲ್ಲಿ ಅಕಾಲ ಮಳೆ ಬಂದರೆ ಚೆರ್ರಿ ಬೂಸಲು ಹಿಡಿದು ಚೀಲಕ್ಕೆ ಇಷ್ಟು ಅಂತ ವ್ಯಾಪಾರಿ ಹಿಡಿದುಕೊಳ್ಳುತ್ತಾನೆ. ಸಿಮೆಂಟು ಕಣ, ಮೇಲೊಂದು ಪಾಲಿಹೌಸ್ ಮಾಡಿಸು. ಹೊಳೆಯನ್ನೇ ನಂಬದೆ ಮಳೆನೀರಿಗೆ ಒಂದು ಕೆರೆ ತೆಗೆಸು. ಎಂಟು ಎಕರೆ ಬೇಡ, ಒಂದು ಎಕರೆಯಲ್ಲಿ ಮುದಿ ಗಿಡ ತೆಗೆದು ಕಾಫಿ ಬೋರ್ಡಿನವರು ಕೊಡುವ ಸಿ ಇಂಟು ಆರ್ ಅನ್ನುವ ರೋಬಸ್ಟಾ ತಳಿ ಹಾಕಿ ನೋಡು, ನೆರಳು ತೆಳ್ಳಗೆ ಮಾಡಿಸು, ಬೋಳು ಮಾಡಿಸಬೇಡ. ಇದಕ್ಕೆ ನಿನ್ನ ಉಳಿತಾಯ ಸಾಲುತ್ತದೆ, ಸಾಲದಿದ್ದರೆ ಸಣ್ಣ ಸಾಲ ಮಾಡು, ನಾನೂ ಸಹಿ ಹಾಕುತ್ತೇನೆ. ಮಾರುವಾಗ ಒಂದೇ ದಿನ ಎಲ್ಲ ಮಾರಬೇಡ, ಮೂರು ಪಾಲು ಮಾಡು, ಒಂದು ಪಾಲು ಕೊಯ್ಲಾದ ತಕ್ಷಣ, ಕೂಲಿಗೆ ಬೇಕಲ್ಲ. ಯುರೋಪಿನವರು ಈಗ 2020ರ ನಂತರ ಕಾಡು ಕಡಿದ ಜಾಗದ ಕಾಫಿ ಬೇಡ, ತೋಟದ ನಕ್ಷೆ ಕೊಡಿ ಅನ್ನುತ್ತಿದ್ದಾರೆ. ದಿನಾಂಕ ಮುಂದೆ ಮುಂದೆ ಹಾಕುತ್ತಿದ್ದಾರೆ, ಆದರೂ ಒಂದು ದಿನ ಬಂದೇ ಬರುತ್ತದೆ. ಆ ನೋಂದಣಿ ಕೆಲಸ ನೀನು ಮಾಡು, ಆ ಆ್ಯಪು ನನ್ನ ಫೋನಿನಲ್ಲಿ ತೆರೆಯುವುದೇ ಇಲ್ಲ.

ಪಕ್ಕದ ಐದು ಎಕರೆ ನನಗೂ ಆಸೆ ಇಲ್ಲ ಅಂದುಕೊಳ್ಳಬೇಡ. ಬೇಲಿ ಆಚೆ ಅಣ್ಣಯ್ಯ ನೆಟ್ಟ ಹಲಸಿನ ಮರ ಇದೆ, ಪ್ರತಿ ವರ್ಷ ಅವರು ಎರಡು ಹಣ್ಣು ಕಳಿಸುತ್ತಾರೆ.

ಜನವರಿಯಲ್ಲಿ ಒಂದು ವಾರ ರಜೆ ಹಾಕಿ ಬಾ. 1994ರಿಂದ 2004ರವರೆಗಿನ ಲೆಕ್ಕದ ಪುಸ್ತಕಗಳು ನನ್ನ ಮಂಚದ ಕೆಳಗಿನ ಟ್ರಂಕಿನಲ್ಲಿವೆ, ಬೀಗದ ಕೈ ದೇವರ ಗೂಡಿನಲ್ಲಿದೆ. ನಾನು ಇಲ್ಲದಾಗಲೂ ತೆಗೆದು ನೋಡು. ಬರುವಾಗ ತೇವ ನೋಡುವ ಮೀಟರ್ ಒಂದು ತಾ, ನಮ್ಮದು ಕೆಟ್ಟಿದೆ. ಕಳೆದ ಸಲ 11 ತೋರಿಸಿತು, ವ್ಯಾಪಾರಿಯದ್ದು 13 ತೋರಿಸಿತು. ಯಾರದ್ದು ಸರಿ ಅಂತ ಇನ್ನೂ ಜಗಳ ಮುಗಿದಿಲ್ಲ.

ನಿನ್ನ ಅತ್ತೆ